ನಾನು ಸರಿ ಎಂದ ನೆಲ

೯ ಫೆಬ್ರವರಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಉದ್ದಣ್ಣನಿಗೆ,

ನಿನ್ನ ಗಿಡ್ಡನ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನೀನೂ ತಂಗಿಯೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಅದು ನಿನ್ನ ಹಕ್ಕು. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಕ್ಷೇಮ ಸಮಾಚಾರ ಮುಗಿಯುವುದರೊಳಗೆ ಸಿಟ್ಟು ನೆತ್ತಿಗೇರಿ ಪೆನ್ನು ಮುಚ್ಚಿಟ್ಟು ಎದ್ದುಬಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಮಂದ. ನಾನು ಕೂಗಿ ಹೇಳುವ ನಮ್ಮ ಮನೆಯ ವಿಷಯ ನಿನಗಿಂತ ಮೊದಲು ಪಕ್ಕದ ಮನೆಗೆ ತಲುಪುತ್ತದೆ. ಅದಕ್ಕೇ ಇವತ್ತು ಹಲ್ಲು ಕಚ್ಚಿ ಕೂತಿದ್ದೇನೆ.

ಮಗಳು ಮನೆ ಕೊಂಡ ಸುದ್ದಿ ನಿನಗೆ ಗೊತ್ತೇ ಇದೆ. ಎರಡನೇ ಮಹಡಿ. ಹಾಲ್‌ಗೆ ಎರಡು ದೊಡ್ಡ ಕಿಟಕಿ, ಬೆಳಗಿನ ಬಿಸಿಲು ಸೀದಾ ಬಾಗಿಲ ತನಕ ಬಂದು ಮಲಗುತ್ತದೆ. ಎಲ್ಲ ಚೆನ್ನಾಗಿದೆ, ನೆಲ ಮಾತ್ರ ಅಯ್ಯೋ ಅನ್ನಿಸುವಂಥದ್ದು. ಹಿಂದಿದ್ದವರು ಹಾಕಿಸಿದ ಟೈಲ್ಸ್ ಅರ್ಧ ಸೀಳಿ ಹೋಗಿವೆ, ಉಳಿದರ್ಧ ಕಾಲಿಟ್ಟರೆ ಟೊಳ್ಳು ಡಬ್ಬದ ಹಾಗೆ ಸದ್ದು ಮಾಡುತ್ತವೆ. ಡಿಸೆಂಬರ್‌ನಲ್ಲಿ ಒಂದು ದಿನ ಫೋನ್ ಮಾಡಿ, "ಅಪ್ಪ, ಇದನ್ನೆಲ್ಲ ತೆಗೆಸಿ ಹಾಲ್‌ಗೂ ಮಲಗೋ ಕೋಣೆಗೂ ಮರದ ನೆಲ ಹಾಕಿಸೋಣ ಅಂತಿದ್ದೀವಿ" ಅಂದಳು.

ಮರದ ನೆಲ! ನೀನೇ ಹೇಳು, ನಲವತ್ತೊಂದು ವರ್ಷ ನಿನ್ನ ಜೊತೆ ಊರಿನ ಮನೆಗಳಿಗೆಲ್ಲ ಮಂಡಿಯೂರಿ ಮರದ ನೆಲ ಹಾಕಿದ ಮನುಷ್ಯನಿಗೆ ಸ್ವಂತ ಮಗಳು ಹಾಗಂದರೆ ಅವನು ಏನು ಅಂದುಕೊಳ್ಳಬೇಕು? ಇನ್ನೇನು, "ನೀವೇ ಹಾಕಿಕೊಡಿ" ಅನ್ನುತ್ತಾಳೆ ಅಂದುಕೊಂಡೆ. ನಿನ್ನ ಬೆನ್ನುನೋವಿನಿಂದ ನಾವು ಅಂಗಡಿ ಮುಚ್ಚಿದ ಮೇಲೆ ನಾನು ಬೇರೆ ಜೋಡಿ ಹುಡುಕಲಿಲ್ಲ, ನಿನಗೆ ಗೊತ್ತು. ಬೇರೆಯವನ ಹಲಗೆಯ ಪಕ್ಕ ನನ್ನ ಹಲಗೆ ಕೂರುವುದಿಲ್ಲ. ಆದರೆ ಮಗಳ ಮನೆಯ ಮಾತು ಬೇರೆ. ಒಬ್ಬನೇ ಆದರೂ ನಿಧಾನವಾಗಿ ಮಾಡುತ್ತೇನೆ, ನನ್ನ ಕಡೆಯ ಕೆಲಸ ಅವಳ ಮನೆಯದೇ ಆಗಲಿ, ಅವಳ ಮಗಳು, ನಮ್ಮ ಐದು ವರ್ಷದ ಕೂಸು, ಅದರ ಮೇಲೆ ಉರುಳಾಡಲಿ. ಇಷ್ಟೇ ನನ್ನ ಆಸೆ. ಅವಳು ಬಾಯಿಬಿಟ್ಟು ಕೇಳುವ ಮೊದಲೇ ಅಟ್ಟದ ಮೇಲಿನ ಸಾಮಾನಿನ ಪೆಟ್ಟಿಗೆ ಇಳಿಸಿ, ಗರಗಸಕ್ಕೆ ಎಣ್ಣೆ ಹಚ್ಚಿ, ಮರದ ಸುತ್ತಿಗೆ ಒರೆಸಿಟ್ಟೆ. ನಮ್ಮವಳು ಬಾಗಿಲಲ್ಲಿ ನಿಂತು ನೋಡಿ, "ಕರೆಯೋದಕ್ಕೆ ಮುಂಚೆನೇ ಹೊರಟು ನಿಂತ್ರಾ?" ಅಂದಳು. ಹೊಟ್ಟೆಕಿಚ್ಚು ಅಂದುಕೊಂಡು ಗರಗಸಕ್ಕೆ ಇನ್ನೊಂದು ಸುತ್ತು ಎಣ್ಣೆ ಹಚ್ಚಿದೆ.

ಮೊದಲು ಮರ ಆರಿಸುವ ರಾಮಾಯಣ ಕೇಳು. ಮಗಳು, ಅಳಿಯ, ನಾನು ಮೂವರೂ ಷೋರೂಮಿಗೆ ಹೋದೆವು. ಒಳಗೆ ಒಂದು ಗರಗಸದ ಪುಡಿಯ ವಾಸನೆಯೂ ಇಲ್ಲ. ಆಸ್ಪತ್ರೆಯ ಹಾಗೆ ಎ.ಸಿ., ಮೆತ್ತನೆಯ ಕುರ್ಚಿ, ಗೋಡೆಯ ತುಂಬ ಬಿಸ್ಕತ್ತಿನ ಗಾತ್ರದ ಚೂರುಗಳು. ಒಬ್ಬಳು ಹುಡುಗಿ ನಗುನಗುತ್ತ ಬಂದು ಒಂದು ಚೂರನ್ನು ನನ್ನ ಕೈಗಿಟ್ಟಳು. ಬೂದು ಬಣ್ಣ, ಮೇಲೆ ಗಂಟುಗಳು. ತಿರುಗಿಸಿ ನೋಡಿದರೆ ಎಲ್ಲ ಗಂಟೂ ಅಳೆದಿಟ್ಟ ಹಾಗೆ ಒಂದೇ ಕಡೆ.

"ಇದು ಯಾವ ಮರ ಅಮ್ಮ?" ಅಂತ ಕೇಳಿದೆ.

"ಇದು ವಿಂಟರ್ ಮಾರ್ನಿಂಗ್ ಸರ್," ಅಂದಳು.

"ಬಣ್ಣ ಕೇಳಲಿಲ್ಲ, ಮರ ಕೇಳಿದೆ."

ಅವಳು ಕೈಯಲ್ಲಿದ್ದ ಟ್ಯಾಬ್ ಒತ್ತಿ ಒತ್ತಿ ನೋಡಿ, "ಇದರಲ್ಲಿ ಮರ ಅಂತ ಕಾಲಮ್ಮೇ ಇಲ್ಲ ಸರ್" ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಹೊಟ್ಟನ್ನು ಒತ್ತಿ ಹಲಗೆ ಮಾಡಿ ಅದರ ಮೇಲೆ ಮರದ ಫೋಟೋ ಅಂಟಿಸಿ ಮಾರುತ್ತಿದ್ದಾರೆ. ಮರದ ಫೋಟೋದ ಮೇಲೆ ಜನ ಓಡಾಡಬೇಕಂತೆ. ಅಳಿಯ ಮಾತ್ರ ಕಣ್ಣರಳಿಸಿ, "ಮಾವ, ಇದಕ್ಕೆ ನೀರು ಬಿದ್ರೂ ಏನೂ ಆಗಲ್ಲವಂತೆ, ಗೀರು ಬೀಳಲ್ವಂತೆ, ಹದಿನೈದು ವರ್ಷ ಗ್ಯಾರಂಟಿ" ಅಂದ. ನಾನಂದೆ, "ಏನೂ ಆಗದೇ ಇರೋದು ಸತ್ತ ವಸ್ತು ಅಪ್ಪ. ಮರ ಅಂದ್ರೆ ಗೀರು ಬೀಳುತ್ತೆ, ಮಾಸುತ್ತೆ, ಉಜ್ಜಿ ಎಣ್ಣೆ ಹಚ್ಚಿದ್ರೆ ಮತ್ತೆ ಎದ್ದು ಕೂರುತ್ತೆ. ನಿಮ್ಮ ಗ್ಯಾರಂಟಿ ಚೀಟಿನ ಉಜ್ಜೋದಕ್ಕಾಗುತ್ತಾ?" ಆ ಹುಡುಗಿ ಮುಖ ತಿರುಗಿಸಿ ನಕ್ಕಳು. ಅಳಿಯನೂ ನಕ್ಕ. ಅವನು ಒಳ್ಳೆಯವನು, ಬುದ್ಧಿ ಮಾತ್ರ ಷೋರೂಮಿನದು.

ಕಡೆಗೆ ಮಗಳೇ ನನ್ನ ಪಕ್ಷ ವಹಿಸಿದಳು. ಮೂರು ಪದರದ ಹಲಗೆ ಆರಿಸಿದೆವು. ಮೇಲಿನ ಪದರ ಅಪ್ಪಟ ಓಕ್, ಎರಡು ಮೂರು ಸಲ ಉಜ್ಜುವಷ್ಟು ದಪ್ಪ. ಪೂರ್ತಿ ತೇಗದ ಹಲಗೆ ಆಗಬೇಕೆಂದು ನನಗಿತ್ತು, ಆದರೆ ಆ ಕಿಟಕಿಗಳ ಬಿಸಿಲಿಗೆ ಮೂರು ಪದರದ್ದೇ ಮೇಲು, ಬಾಗುವುದಿಲ್ಲ. ಎಣ್ಣೆ ಹಚ್ಚಿದ ಒಂದು ಹಲಗೆಯ ಮೇಲೆ ಮಗಳು ಅಂಗೈ ಸವರಿ, "ಅಪ್ಪ, ನಿಮ್ಮ ಅಂಗಡಿ ವಾಸನೆ" ಅಂದಳು. ನನ್ನ ಕಣ್ಣು ತೇವವಾಯಿತು. ಅಲ್ಲೇ ತೀರ್ಮಾನವಾಯಿತು ಅಂದುಕೊಂಡೆ. ನಾನೆಂಥ ಪೆದ್ದ!

ಷೋರೂಮಿನ ಮೆಟ್ಟಿಲು ಇಳಿಯುವಾಗ ಹೇಳುತ್ತಾಳೆ, "ಹಲಗೆ ಕೂರಿಸೋದಕ್ಕೆ ಒಂದಿಬ್ಬರು ಮೂವರನ್ನ ಕರೆಸಿ ನೋಡೋಣ ಅಪ್ಪ. ನೀವೂ ಇರಿ, ನಿಮಗೆ ಗೊತ್ತಾಗುತ್ತೆ."

ನಾನು ನಿಂತುಬಿಟ್ಟೆ. "ಕರೆಸೋದಾ? ಯಾರನ್ನ? ನಾನಿಲ್ವಾ?"

ಅವಳು ನನ್ನ ಮುಖ ನೋಡಲಿಲ್ಲ. ಕಾರಿನ ಕೀಲಿ ಹುಡುಕುತ್ತ, "ನಿಮಗ್ಯಾಕಪ್ಪ ಈ ವಯಸ್ಸಲ್ಲಿ ಮಂಡಿಯೂರೋ ಕೆಲಸ? ನಿಂತು ನೋಡ್ಕೊಳ್ಳಿ ಸಾಕು" ಅಂದಳು.

"ನಿಂತು ನೋಡ್ಕೊಳ್ಳೋಕೆ ನಾನೇನು ವಾಚ್‌ಮನ್ನಾ?" ಅಂದೆ.

ಉದ್ದಣ್ಣ, ಅರವತ್ತಾರು ಒಂದು ವಯಸ್ಸೇ? ನಮ್ಮ ಹಳೇ ಯಜಮಾನರು ಎಪ್ಪತ್ತೆರಡನೇ ವಯಸ್ಸಿನಲ್ಲಿ ಸಿನಿಮಾ ಟಾಕೀಸಿನ ವೇದಿಕೆಗೆ ಹಲಗೆ ಹೊಡೆಯಲಿಲ್ಲವೇ? ನನ್ನ ಮಂಡಿ ಗಟ್ಟಿ ಇದೆ, ಕೈ ನಡುಗುವುದಿಲ್ಲ, ಕನ್ನಡಕ ಹಾಕಿದರೆ ಕೂದಲೆಳೆ ಸಂದೂ ಕಾಣುತ್ತದೆ. ಮನೆಗೆ ಬಂದು ನಮ್ಮವಳ ಹತ್ತಿರ ಹೇಳಿಕೊಂಡರೆ ಅವಳೂ ಪಾತ್ರೆ ತೊಳೆಯುತ್ತಲೇ, "ಮಗಳು ಹೇಳಿದ ಹಾಗೆ ಕೇಳಿ" ಅಂದುಬಿಟ್ಟಳು. ಇಬ್ಬರೂ ಸೇರಿಕೊಂಡಿದ್ದಾರೆ. ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅದು ಇನ್ನೊಂದು ಸಂಕಟ.

ಹೋಗದೇ ಇರಬೇಕೆಂದಿದ್ದೆ, ಆದರೆ ಯಾರು ಬರುತ್ತಾರೋ ನೋಡುವ ಚಪಲ ಬಿಡಬೇಕಲ್ಲ. ಹೋದೆ. ಮೊದಲನೆಯವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೆಂಪು ಬೆಳಕಿನ ಯಂತ್ರ. ಬಾಗಿಲಲ್ಲೇ ನಿಂತು ನಾಲ್ಕು ಗೋಡೆಗೂ ಬೆಳಕು ಬಿಟ್ಟು ಅಳತೆ ಬರೆದುಕೊಂಡ. ಬಗ್ಗಲಿಲ್ಲ, ಮುಟ್ಟಲಿಲ್ಲ. "ನೆಲದಲ್ಲಿ ಪಸೆ ಇದೆಯೋ ಇಲ್ವೋ ನೋಡಲ್ವಾ?" ಅಂದರೆ "ಎರಡನೇ ಮಹಡೀಲಿ ಎಲ್ಲಿ ಪಸೆ ಅಂಕಲ್?" ಅಂದ. ಪಕ್ಕದಲ್ಲೇ ಬಚ್ಚಲುಮನೆಯ ಗೋಡೆ ಇದೆ, ಅದು ಅವನ ಕಣ್ಣಿಗೆ ಬಿದ್ದಿಲ್ಲ. ಎರಡನೆಯವನು ಇನ್ನೂ ಘನಂದಾರಿ. ಟೈಲ್ಸ್ ಕೀಳುವುದೇ ಬೇಡ, ಅದರ ಮೇಲೇ ಹಾಕಿ ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂದ. "ಹಲಗೆ ತಂದು ಎಷ್ಟು ದಿನ ಮನೇಲಿಡ್ತೀಯಪ್ಪ?" ಅಂತ ಕೇಳಿದೆ. ಇಡುವುದು ಯಾಕೆ ಅಂದ! ಹಲಗೆ ಹೊಸ ಮನೆಯ ಗಾಳಿಗೆ ಒಗ್ಗಿಕೊಳ್ಳದೆ ಕೂತರೆ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಏಳುತ್ತದೆ ಎಂದು ಹೇಳುತ್ತಲೇ ಇದ್ದೆ, ಅವನು ಫೋನ್ ಬಂತೆಂದು ಆಚೆ ಹೋದ. ನನ್ನ ಮೈಯೆಲ್ಲ ಉರಿದುಹೋಯಿತು. ಇಂಥವರನ್ನು ಕರೆಸಬಹುದು, ಹೆತ್ತ ಅಪ್ಪನನ್ನು ಕರೆಯಬಾರದು.

ಮೂರನೆಯವಳು ಬಂದಳು. ಹೌದು, ಬಂದಳು. ಮೂವತ್ತೈದರ ಹೆಣ್ಣುಮಗಳು, ಗಟ್ಟಿ ಭುಜ, ಪ್ಯಾಂಟಿನ ಮೇಲೆ ಆನೆಯ ಮಂಡಿಯಷ್ಟು ದೊಡ್ಡ ಮಂಡಿಪಟ್ಟಿ. ನಾನು ಮನಸ್ಸಿನಲ್ಲೇ ಅವಳಿಗೆ ಮಂಡಿಪಟ್ಟಿ ಎಂದು ಹೆಸರಿಟ್ಟೆ. ಹೆಂಗಸು ಎನ್ನುವುದಕ್ಕೆ ನನಗೆ ಸಿಟ್ಟು ಬರಲಿಲ್ಲ. ನೀನು ನಂಬುವುದಿಲ್ಲ, ಬಿಡು, ಸ್ವಲ್ಪ ಬಂತು. ಆದರೆ ಅವಳು ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದಳು. ಬಂದವಳೇ ಮಂಡಿಯೂರಿ ಟೈಲ್ಸನ್ನು ಬೆರಳಿನ ಗೆಣ್ಣಿನಿಂದ ಬಡಿದು ಬಡಿದು ಕೇಳಿದಳು. ಬಚ್ಚಲುಮನೆಯ ಗೋಡೆಯ ಬುಡಕ್ಕೆ ಅಂಗೈ ಒತ್ತಿ, "ಇಲ್ಲಿ ಮೊದಲು ಪಸೆ ನಿಲ್ಲಿಸ್ಬೇಕು, ಆಮೇಲೆ ಮಿಕ್ಕಿದ್ದು" ಅಂದಳು. ನಾನು ಬೇಕೆಂದೇ, "ಹಲಗೆ ಎಷ್ಟು ದಿನ ಇಡ್ತೀಯಮ್ಮ?" ಅಂದೆ. "ವಾರ ಇಡ್ತೀನಿ ಸರ್. ಪೆಟ್ಟಿಗೆ ಬಿಚ್ಚಿ ಅಡ್ಡಡ್ಡ ಜೋಡಿಸಿಡ್ತೀನಿ." ಗೋಡೆಯಂಚಿಗೆ ಎಷ್ಟು ಜಾಗ ಬಿಡುತ್ತೀಯ ಅಂದೆ. ಕಿರುಬೆರಳು ತೋರಿಸಿ, "ಇಷ್ಟು. ಕಿಟಕಿ ಕಡೆ ಇನ್ನೊಂಚೂರು ಜಾಸ್ತಿ" ಅಂದಳು. ಪರೀಕ್ಷೆ ಮುಗಿಯಿತು. ನಾನು ಕೇಳುವುದಕ್ಕೆ ಬೇರೇನೂ ಉಳಿಯಲಿಲ್ಲ.

ಮಗಳು ನನ್ನ ಕಡೆ ನೋಡಿ ಕಣ್ಣಲ್ಲೇ "ಹೇಗೆ?" ಅಂದಳು. ನಾನು ಕಿಟಕಿಯ ಆಚೆ ನೋಡಿದೆ.

ನನ್ನ ಸಿಟ್ಟು ಎಲ್ಲಿಗೆ ಮುಟ್ಟಿತು ಗೊತ್ತೇ? ಕೆಟ್ಟವನೊಬ್ಬ ಸಿಕ್ಕಿದ್ದರೆ, "ನೋಡಿದ್ಯಾ, ನನ್ನ ಬಿಟ್ಟು ಇವನನ್ನ ಕರೆಸಿದೆಯಲ್ಲ" ಎಂದು ಬೈದು ಹಗುರಾಗುತ್ತಿದ್ದೆ. ಆ ಸುಖವನ್ನೂ ಕಿತ್ತುಕೊಂಡರು. ಎರಡು ವಾರ ದಿನಾ ಹೋಗಿ ಕುರ್ಚಿ ಹಾಕಿಕೊಂಡು ಕೂತೆ. ತಪ್ಪು ಹಿಡಿಯಲೇಬೇಕೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವಳು ಟೈಲ್ಸ್ ಕಿತ್ತಳು, ಗಾರೆ ಸುರಿದು ನೆಲ ಮಟ್ಟ ಮಾಡಿದಳು, ಒಣಗುವ ತನಕ ಕಾದಳು. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಮಾರನೆಯ ದಿನ ಒಳಗೆ ಬೆವರಿದೆಯೇ ಎಂದು ನೋಡಿದಳು. ಬೆವರಿರಲಿಲ್ಲ. ಮೊದಲ ಸಾಲನ್ನು ಗೋಡೆಗೆ ಹಿಡಿದು ಹಾಕಲಿಲ್ಲ, ದಾರ ಕಟ್ಟಿ ದಾರಕ್ಕೆ ಹಾಕಿದಳು. ಗೋಡೆ ಯಾವತ್ತೂ ನೆಟ್ಟಗಿರುವುದಿಲ್ಲ ಎನ್ನುವುದು ನಮಗಿಬ್ಬರಿಗೆ ಬಿಟ್ಟು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಬಾಗಿಲ ಚೌಕಟ್ಟಿನ ಬುಡವನ್ನು ತೆಳುವಾಗಿ ಕೊಯ್ದು ಹಲಗೆಯನ್ನು ಅದರಡಿಗೆ ನುಗ್ಗಿಸಿದಳು. ಸಂದು ಅಂತ ಹುಡುಕಿದರೂ ಕಾಣದು.

ನಾನು ಕೂತಲ್ಲೇ ಕೆಮ್ಮುತ್ತಿದ್ದೆ, ಗೊಣಗುತ್ತಿದ್ದೆ. "ಆ ಹಲಗೆ ಗಂಟು ಬಾಗಿಲಿಗೆ ಎದುರಾಗುತ್ತೆ" ಅನ್ನುತ್ತಿದ್ದೆ. ಅವಳು ಬೇಜಾರು ಮಾಡಿಕೊಳ್ಳದೆ ಹಲಗೆ ಬದಲಾಯಿಸುತ್ತಿದ್ದಳು. ಒಂದು ದಿನ ಅವಳಿಗೆ ಕೈ ಕೊಡೋಣವೆಂದು ಎದ್ದೆ. ಆಫೀಸಿಗೆ ಹೊರಟಿದ್ದ ಮಗಳು ಚಪ್ಪಲಿ ಬಿಚ್ಚಿ ಓಡಿ ಬಂದು, "ಅಪ್ಪ, ಕೂತ್ಕೊಳ್ಳಿ ಅಂದ್ನಲ್ಲ" ಅಂದಳು. ಚಿಕ್ಕ ಮಕ್ಕಳಿಗೆ ಹೇಳುವ ದನಿ. ಆ ಹೆಣ್ಣುಮಗಳ ಎದುರಿಗೆ! ನಾನು ಕಲಿಸಿದ ನಡಿಗೆಯಲ್ಲಿ ನಡೆಯುವವಳು ನನಗೆ ಕೂತುಕೊಳ್ಳಲು ಹೇಳುತ್ತಾಳೆ. ನಿನ್ನ ಮಗ ನಿನಗೆ ಹಾಗೆ ಹೇಳಿದ್ದರೆ ನೀನು ಊಟ ಬಿಡುತ್ತಿದ್ದೆ. ನಾನು ಬಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಿನ್ನೆ ಶನಿವಾರ ಹಾಲ್ ಮುಗಿಯಿತು. ಮಂಡಿಪಟ್ಟಿ ಕಸ ಗುಡಿಸಿ, ಬಟ್ಟೆಯಿಂದ ಒರೆಸಿ, ಗೋಡೆ ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಜೇಬಿನಿಂದ ಒಂದು ತುಂಡು ಸೀಮೆಸುಣ್ಣ ತೆಗೆದು ಎರಡೂ ಕೈಯಲ್ಲಿ ನನಗೆ ಹಿಡಿದಳು.

"ಸರ್, ನೀವು ಒಂದ್ಸಲ ನಡೀರಿ," ಅಂದಳು.

ನಾನು ಬೆಚ್ಚಿಬಿದ್ದೆ. ಇದು ನಮ್ಮ ಪದ್ಧತಿ ಅಲ್ಲವೇ? ನಮ್ಮಿಬ್ಬರದು, ಬೇರೆ ಯಾರದೂ ಅಲ್ಲ. ಒಬ್ಬ ಹಾಕಿದ ನೆಲದ ಮೇಲೆ ಇನ್ನೊಬ್ಬ ಬರಿಗಾಲಲ್ಲಿ ಕಣ್ಣುಮುಚ್ಚಿ ನಡೆಯಬೇಕು, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಅಂಗಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ಗೆರೆ. ಗೆರೆ ಬಿತ್ತೆಂದರೆ ವಾದವಿಲ್ಲ, ಇಬ್ಬರೂ ಕೂತು ಆ ಹಲಗೆ ಎತ್ತಿ ಮತ್ತೆ ಕೂರಿಸಬೇಕು. ನಲವತ್ತೊಂದು ವರ್ಷದಲ್ಲಿ ನೀನು ನನ್ನ ಹಲಗೆಗಳ ಮೇಲೆ ಎಷ್ಟು ಗೆರೆ ಎಳೆದೆ, ನಾನು ನಿನ್ನವುಗಳ ಮೇಲೆ ಎಷ್ಟು ಎಳೆದೆ! ಒಂದು ಸಲ ನಾನು ಒಂದೇ ಕೋಣೆಗೆ ಹನ್ನೊಂದು ಗೆರೆ ಎಳೆದದ್ದಕ್ಕೆ ನೀನು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಆದರೂ ಹನ್ನೊಂದನ್ನೂ ಎತ್ತಿದೆ.

"ಇದನ್ನ ಯಾರು ಕಲಿಸಿದ್ರು ನಿನಗೆ?" ಅಂದೆ. ಅವಳು ಮಗಳ ಮುಖ ನೋಡಿದಳು. ಮಗಳು ತಲೆ ತಗ್ಗಿಸಿ, "ಉದ್ದ ಚಿಕ್ಕಪ್ಪನೇ ಇವಳ ನಂಬರ್ ಕೊಟ್ಟಿದ್ದು ಅಪ್ಪ" ಅಂದಳು. ಹಾಗೋ ವಿಷಯ! ನೀನು ಒಬ್ಬ ಶಿಷ್ಯೆಯನ್ನು ತಯಾರು ಮಾಡಿದ್ದೀಯ, ನನ್ನ ಮಗಳಿಗೆ ಅವಳನ್ನು ಗೊತ್ತು ಮಾಡಿಕೊಟ್ಟಿದ್ದೀಯ, ನನಗೆ ಮಾತ್ರ ಒಂದಕ್ಷರ ಹೇಳಿಲ್ಲ. ನಿನ್ನ ಕಾಗದದಲ್ಲಿ ಮಲ್ಲಿಗೆ ಬಳ್ಳಿಯ ವಿಷಯಕ್ಕೆ ಒಂದು ಪುಟ ಇತ್ತು, ಇದಕ್ಕೆ ಒಂದು ಸಾಲೂ ಇರಲಿಲ್ಲ. ನೀನೂ ಅವರ ಜೊತೆ ಸೇರಿಕೊಂಡೆಯಲ್ಲ, ಮಾರಾಯ!

ಆದರೂ ನಿಜ ಹೇಳುತ್ತೇನೆ, ಸೀಮೆಸುಣ್ಣ ಕೈಗೆ ಬಂದ ಮೇಲೆ ಅರ್ಧ ಸಿಟ್ಟು ಇಳಿಯಿತು. ಎಷ್ಟೋ ತಿಂಗಳ ಮೇಲೆ ಯಾರೋ ನನಗೆ ಕೆಲಸ ಕೊಟ್ಟ ಹಾಗಾಯಿತು. ಚಪ್ಪಲಿ ಬಿಟ್ಟೆ, ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟೆ, ಕಣ್ಣು ಮುಚ್ಚಿ ನಡೆದೆ. ಉದ್ದಕ್ಕೆ ನಡೆದೆ, ಅಡ್ಡಕ್ಕೆ ನಡೆದೆ. ಕಿಟಕಿಯ ಕಡೆ ಎರಡು ಸಲ ಹೆಚ್ಚಾಗಿಯೇ ನಡೆದೆ, ಏಕೆಂದರೆ ತಪ್ಪುಗಳು ಕಿಟಕಿಯ ಹತ್ತಿರವೇ ಅಡಗಿರುತ್ತವೆ. ಎಲ್ಲೂ ಎಳ್ಳಷ್ಟೂ ತಡೆಯಲಿಲ್ಲ. ಒಂದು ಗೆರೆಯನ್ನೂ ಎಳೆಯದೆ ಸೀಮೆಸುಣ್ಣ ಹಾಗೇ ವಾಪಸು ಕೊಟ್ಟು, "ಸರಿ ಇದೆಯಮ್ಮ. ನಿನ್ನ ಮೇಸ್ತ್ರಿ ಹಲಗೆ ಮೇಲೂ ನಾನು ಇಷ್ಟು ಕಮ್ಮಿ ಗೆರೆ ಎಳೆದವನಲ್ಲ" ಅಂದೆ. ಅವಳು ಕೈ ಮುಗಿದಳು. ಮಗಳು ಯಾಕೋ ಒಳಗೆ ಹೋಗಿಬಿಟ್ಟಳು.

ಆದ್ದರಿಂದ ಈ ಕಾಗದ ಪೂರ್ತಿ ಬೈಗುಳವಲ್ಲ. ಮಗಳ ಮೇಲಿನ ಸಿಟ್ಟು ಇದ್ದೇ ಇದೆ, ಅದು ಬೇಗ ಹೋಗುವುದಿಲ್ಲ. ಅಪ್ಪನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ, ಆಣೆ ಮಾಡಿ ಹೇಳುತ್ತೇನೆ, ಆ ಹೆಣ್ಣುಮಗಳನ್ನು ನನ್ನ ಜೊತೆ ಹಾಕಿಕೊಂಡು ಮಾಡುತ್ತಿದ್ದೆ. ನಿನ್ನ ಮೇಲೂ ಸಿಟ್ಟಿದೆ, ಆದರೆ ಒಳ್ಳೆ ಕೈ ತಯಾರು ಮಾಡಿದ್ದೀಯ. ನಾಳೆ ಬೆಳಿಗ್ಗೆ ಹೋಗಿ ನನ್ನ ಮರದ ಸುತ್ತಿಗೆಯನ್ನು ಅವಳಿಗೆ ಕೊಡಬೇಕೆಂದಿದ್ದೇನೆ. ಅಟ್ಟದ ಮೇಲೆ ಕೂತು ಏನು ಮಾಡುತ್ತದೆ?

ತಂಗಿಗೆ ನನ್ನ ಆಶೀರ್ವಾದ ಹೇಳು. ಮಕ್ಕಳು ಮೊಮ್ಮಕ್ಕಳು ನೂರು ವರ್ಷ ಚೆನ್ನಾಗಿರಲಿ. ನಿನಗೆ ಆಯುಸ್ಸು ಆರೋಗ್ಯ ಹೆಚ್ಚಲಿ, ನನ್ನ ಜೊತೆ ಜಗಳಾಡುವಷ್ಟಾದರೂ.

ಇಂತಿ ನಿನ್ನ,
ಗಿಡ್ಡ

ತಾ.ಕ. ಸೋಮವಾರ, ಮಧ್ಯಾಹ್ನ.

ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಅದಕ್ಕೇ ಇದನ್ನೂ ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದನ್ನು ಹರಿದು ಹಾಕೋಣವೆನ್ನಿಸಿತು, ಹಾಕಲಿಲ್ಲ. ನಾನು ಎಷ್ಟು ದೊಡ್ಡ ಪೆದ್ದನೆಂದು ನೀನೂ ಓದು.

ಬೆಳಿಗ್ಗೆ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮಗಳು, ಅಳಿಯ ಆಫೀಸಿಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಮಂಡಿಪಟ್ಟಿ ಎರಡನೇ ಕಿಟಕಿಯ ಕೆಳಗೆ ಮಂಡಿಯೂರಿ ಹಲಗೆ ಎತ್ತುತ್ತಿದ್ದಳು. ಶನಿವಾರ ನಾನು ನಡೆದು ಸರಿ ಎಂದ ನೆಲ. ಮೂರು ಹಲಗೆ ಆಗಲೇ ಗೋಡೆಗೆ ಒರಗಿದ್ದವು. ನನ್ನನ್ನು ನೋಡಿ ಕಳ್ಳಿಯ ಹಾಗೆ ಎದ್ದು ನಿಂತಳು.

"ಯಾಕಮ್ಮ ಎತ್ತಿದ್ದು?" ಅಂದೆ.

"ಅಂಚು ಎದ್ದಿತ್ತು ಸರ್. ನೀವು ಹೋದ ಮೇಲೆ ನಾನೂ ಒಂದ್ಸಲ ನಡೆದೆ."

ಮೊದಲಿದ್ದ ಹಾಗೇ ಕೂರಿಸಿ ತೋರಿಸು ಎಂದೆ. ಬೇಡ ಸರ್ ಅಂದಳು. ಕೂರಿಸು ಎಂದು ಗದರಿದೆ. ಕೂರಿಸಿದಳು. ಚಪ್ಪಲಿ ಬಿಟ್ಟು ಕಾಲಿಟ್ಟೆ. ಏನೂ ಇಲ್ಲ, ನೀರಿನ ಹಾಗೆ ಮಟ್ಟ. ಆಮೇಲೆ ಬಗ್ಗಿ ಹೆಬ್ಬೆರಳು ಇಟ್ಟು ಸವರಿದೆ. ಉದ್ದಣ್ಣ, ಉಗುರಿನಷ್ಟು ದಪ್ಪ ಅಂಚು ಎದ್ದಿತ್ತು. ಕೂಸು ಎಡವುವಷ್ಟು. ಮತ್ತೆ ಕಾಲಿಟ್ಟೆ, ಮತ್ತೆ ಕೈಯಿಟ್ಟೆ. ಕೈಗೆ ಸಿಗುತ್ತದೆ, ಕಾಲಿಗೆ ಸಿಗುವುದಿಲ್ಲ. ನನ್ನ ಅಂಗಾಲು ಸತ್ತಿದೆ. ಯಾವಾಗ ಸತ್ತಿತೋ ನನಗೇ ಗೊತ್ತಿಲ್ಲ. ಹೋದ ವರ್ಷ ಒಂದು ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದದ್ದು ತಿಳಿಯದೆ ಹಾಲಿನ ಅಂಗಡಿಯ ತನಕ ಹೋಗಿದ್ದೆ. ಮರೆವು ಅಂದುಕೊಂಡು ನಕ್ಕಿದ್ದೆವು. ಸಕ್ಕರೆ ಕಾಯಿಲೆಯ ಡಾಕ್ಟರು ಸೂಜಿಯಿಂದ ಕಾಲು ಚುಚ್ಚಿ ಏನೋ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಶನಿವಾರವೇ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ.

ಅವಳಿಗೆ ಸುಳ್ಳು ಬರುವುದಿಲ್ಲ. "ನಮ್ಮ ಮೇಸ್ತ್ರಿ ಹೇಳಿದಾರೆ ಸರ್. ಅವರ ಮುಂದೆ ಹೇಳ್ಬೇಡ, ಅವರು ಹೋದ ಮೇಲೆ ಸರಿ ಮಾಡು ಅಂತ. ನಾವು ಯಾವಾಗ್ಲೂ ಹಾಗೇ ಮಾಡ್ತಿದ್ದಿದ್ದು."

ಯಾವಾಗಲೂ. ಅಂಗಡಿ ಮುಚ್ಚುವ ಮೊದಲಿನ ಎರಡು ವರ್ಷ, ಸಾಮಾನು ಮರೆತೆ ಎಂದು ಹೇಳಿ ನೀನು ವಾಪಸು ಹೋಗುತ್ತಿದ್ದೆಯಲ್ಲ, ಅವಳನ್ನು ಕರೆದುಕೊಂಡು ಹೋಗುತ್ತಿದ್ದೆಯಂತೆ. ನಾನು ಕಾಲನ್ನೇ ನಂಬಿ ಹಾಕಿದ ಹಲಗೆ, ನಾನು ನಡೆದು ಸರಿ ಎಂದ ಹಲಗೆ, ಎತ್ತಿ ಅವಳ ಕೈಯಲ್ಲೇ ಕೂರಿಸುತ್ತಿದ್ದೆಯಂತೆ. "ಹಾಗೇ ಕಲ್ತೆ ಸರ್" ಅಂದಳು. ನನ್ನ ತಪ್ಪುಗಳನ್ನು ಕಿತ್ತು ಕಿತ್ತು ಆ ಹೆಣ್ಣುಮಗಳು ಕೆಲಸ ಕಲಿತಿದ್ದಾಳೆ. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಅವಳಿಗೆ ಕೊಟ್ಟೆ. ಅವಳದೇನೂ ತಪ್ಪಿಲ್ಲ.

ಮಗಳಿಗೆ ಫೋನ್ ಮಾಡಿ, ನನ್ನ ಕಾಲಿನ ವಿಷಯ ನಿನಗೂ ಗೊತ್ತಿತ್ತಾ ಎಂದು ಕೇಳಿದೆ. "ಚಿಕ್ಕಪ್ಪ ಅಳ್ತಿದ್ರು ಅಪ್ಪ, ಇದನ್ನ ಹೇಳುವಾಗ" ಅಂದಳು. ಅವಳ ಮುಂದೆ ಯಾಕೆ ಅತ್ತೆ? ಅಳುವುದಿದ್ದರೆ ನನ್ನ ಮುಂದೆ ಅಳಬೇಕಿತ್ತು. ಮಗಳಿಗೆ ಗೊತ್ತು, ನಮ್ಮವಳಿಗೆ ಗೊತ್ತು, ಮಂಡಿಪಟ್ಟಿಗೆ ಗೊತ್ತು. ಅಂಗಡಿ ಮುಚ್ಚಲು ನೀನು ಹೇಳಿದ ಬೆನ್ನುನೋವೂ ನನ್ನ ಕಾಲನ್ನು ಮುಚ್ಚಿಡುವ ನೆಪವೇ ಇರಬೇಕು. ನಾನು ಆ ಬೆನ್ನಿಗೆ ಎಣ್ಣೆ ತಂದುಕೊಟ್ಟೆನಲ್ಲೋ!

ಹಲಗೆ ಎತ್ತಿದ್ದಕ್ಕೆ ನನಗೆ ಕೋಪವಿಲ್ಲ. ಎತ್ತಲೇಬೇಕಿತ್ತು, ಎಡವುವವರು ಮನೆಯವರು. ಆದರೆ ನಮ್ಮ ಪದ್ಧತಿಯಲ್ಲಿ ತಪ್ಪನ್ನು ಮುಖಕ್ಕೆ ಹೇಳುವುದು ಮರ್ಯಾದೆಯಾಗಿತ್ತು. ಆ ಮರ್ಯಾದೆಯನ್ನು ನೀನು ನನಗೆ ಮೂವತ್ತೊಂಬತ್ತು ವರ್ಷ ಕೊಟ್ಟು, ನನಗೆ ಅದು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿ ತೆಗೆದುಬಿಟ್ಟೆ. ಕನಿಕರ ಕೊಟ್ಟೆ. ನಿನ್ನಿಂದ ನಾನು ಅದನ್ನು ಕೇಳಿರಲಿಲ್ಲ.

ಈಗ ಒಂದು ಕೆಲಸ ಮಾಡು. ಪ್ರತಿ ಭಾನುವಾರ ಮೊಮ್ಮಗಳ ಕೈ ಹಿಡಿದು ಸುತ್ತಾಡಲು ಹೋಗುತ್ತೇನೆ. ಒಂದೊಂದು ಮನೆಯ ಮುಂದೆಯೂ ನಿಲ್ಲಿಸಿ, "ಇಲ್ಲಿಯ ನೆಲ ತಾತ ಹಾಕಿದ್ದು" ಎಂದು ತೋರಿಸುತ್ತೇನೆ. ಅವಳು ಈಗ ಲೆಕ್ಕ ಹಾಕುವುದನ್ನು ಕಲಿತಿದ್ದಾಳೆ, ತಾತನ ಮನೆಗಳನ್ನು ಬೆರಳು ಮಡಚಿ ಎಣಿಸುತ್ತಾಳೆ. ಆ ಎರಡು ವರ್ಷದಲ್ಲಿ ಯಾವ ಯಾವ ಮನೆಗೆ ವಾಪಸು ಹೋದೆ, ಒಂದನ್ನೂ ಬಿಡದೆ ಬರೆದು ಕಳಿಸು. ಅವನ್ನು ಬಿಟ್ಟು ಉಳಿದವನ್ನು ತೋರಿಸುತ್ತೇನೆ. ಬರುವ ಭಾನುವಾರದೊಳಗೆ ನನ್ನ ಕೈ ಸೇರಬೇಕು.